ಬಯೋಫೀಡ್‌ಬ್ಯಾಕ್: ನೀವು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬಾಗಲಕೋಟೆಯಲ್ಲಿ ಫಿಸಿಯೋಥೆರಪಿಸ್ಟ್. ಇಳಕಲ್, ಗುಳೇದಗುಡ್ಡದ ಮಗ್ಗದವರು, ಹೊಲದವರು, ಬ್ಯಾಂಕಿನವರು, ಪರೀಕ್ಷೆಗೆ ಓದುವ ಹುಡುಗರು, ಎಲ್ಲ ಥರದವರೂ ಬರುತ್ತಾರೆ. ಬಯೋಫೀಡ್‌ಬ್ಯಾಕ್ ಅಂದ ಕೂಡಲೇ ಹೆಚ್ಚುಕಡಿಮೆ ಎಲ್ಲರೂ ಅವೇ ಪ್ರಶ್ನೆ ಕೇಳುತ್ತಾರೆ. ಕೆಲವರು ವಾಟ್ಸಾಪ್‌ನಲ್ಲಿ ಬರೆಯುತ್ತಾರೆ. ಇಬ್ಬರು ಹಿರಿಯರು ಕಾಗದವನ್ನೇ ಬರೆದು ಕಳಿಸಿದ್ದರು. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಿ ಓದಬಹುದು.

## ಮೊದಲು ಕೇಳುವ ಪ್ರಶ್ನೆಗಳು

ಮೇಡಂ, ಬಯೋಫೀಡ್‌ಬ್ಯಾಕ್ ಅಂದ್ರ ಏನ್ರಿ? ನಮಗ ತಿಳಿಯೋ ಹಂಗ ಹೇಳ್ರಿ.

ಜೋಳದ ರೊಟ್ಟಿ ಬಡಿಯೋದನ್ನು ಹೇಗೆ ಕಲಿತಿರಿ, ನೆನಪಿಸಿಕೊಳ್ಳಿ. ಅಂಚು ಬಿರಿಯಿತು ಅಂದರೆ ಹಿಟ್ಟು ಸರಿ ನಾದಿಲ್ಲ. ಕೈಗೆ ಅಂಟಿತು ಅಂದರೆ ನೀರು ಜಾಸ್ತಿ. ರೊಟ್ಟಿಯನ್ನೇ ನೋಡುತ್ತಾ ಕೈ ತಿದ್ದಿಕೊಂಡಿರಿ, ಅಲ್ವಾ? ಈಗ ಕಣ್ಣು ಕಟ್ಟಿ ಬಡಿಯಿರಿ ಅಂದು, ರೊಟ್ಟಿ ಹೇಗೆ ಬಂತು ಅಂತಲೂ ಯಾರೂ ಹೇಳದೇ ಇದ್ದರೆ ನೂರು ದಿನ ಬಡಿದರೂ ಕಲಿಯೋಕೆ ಆಗುವುದಿಲ್ಲ.

ನಮ್ಮ ಮೈಯ ವಿಷಯದಲ್ಲಿ ನಾವು ಹಾಗೆ ಕಣ್ಣು ಕಟ್ಟಿಕೊಂಡೇ ಇದ್ದೇವೆ. ಹೆಗಲು ಎಷ್ಟು ಬಿಗಿದಿದೆ, ಬೆರಳಿನ ರಕ್ತನಾಳ ಎಷ್ಟು ಕುಗ್ಗಿದೆ, ಉಸಿರು ಎಷ್ಟು ಮೇಲೆ ಮೇಲೆ ಆಡುತ್ತಿದೆ, ಇದು ಯಾವುದೂ ನಮಗೆ ಗೊತ್ತಾಗುವುದಿಲ್ಲ. ಬಯೋಫೀಡ್‌ಬ್ಯಾಕ್ ಯಂತ್ರ ಅದನ್ನು ಅಳೆದು, ಆ ಕ್ಷಣದಲ್ಲೇ ಪರದೆ ಮೇಲೆ ಗೆರೆಯಾಗಿಯೋ ಅಂಕಿಯಾಗಿಯೋ ಸದ್ದಾಗಿಯೋ ತೋರಿಸುತ್ತದೆ. ಅದನ್ನು ನೋಡಿ ನೀವೇ ತಿದ್ದಿಕೊಳ್ಳುತ್ತೀರಿ. ಕೆಲವು ವಾರ ಆದ ಮೇಲೆ ಯಂತ್ರ ಇಲ್ಲದೆಯೂ ಗೊತ್ತಾಗತೊಡಗುತ್ತದೆ. ಅಲ್ಲಿಗೆ ಯಂತ್ರದ ಕೆಲಸ ಮುಗಿಯಿತು. ವಾಸಿ ಮಾಡುವುದು ಯಂತ್ರ ಅಲ್ಲ, ನೀವು ಕಲಿತದ್ದು.

ಕರೆಂಟ್ ಹೊಡಿತೈತೇನ್ರಿ?

ಇಲ್ಲ. ನಮ್ಮಲ್ಲಿ ಫಿಸಿಯೋಥೆರಪಿ ಅಂದರೆ ಕರೆಂಟ್ ಕೊಡಿಸೋದು ಅಂತಲೇ ಜನ ತಿಳಿದಿದ್ದಾರೆ, ಅದಕ್ಕೇ ಈ ಭಯ. ಆ ಯಂತ್ರಗಳು ಬೇರೆ. ಇದು ಮೈಗೆ ಹೊಡೆಯುವಂಥ ಕರೆಂಟ್ ಕೊಡುವುದಿಲ್ಲ, ಮೈಯಲ್ಲಿ ಆಗುವುದನ್ನು ಅಳೆಯುತ್ತದೆ ಅಷ್ಟೇ. ಬಿಪಿ ನೋಡುವಾಗ ಪಟ್ಟಿ ಬಿಗಿಯುತ್ತದಲ್ಲ, ಅಷ್ಟು ತೊಂದರೆಯೂ ಇದರಲ್ಲಿಲ್ಲ.

ಏನೇನು ಅಳೀತಾರ್ರಿ ಅದರಾಗ?

ಸ್ನಾಯುವಿನ ಬಿಗಿತ ನೋಡಲು ಚರ್ಮಕ್ಕೆ ಸಣ್ಣ ಬಿಲ್ಲೆ ಅಂಟಿಸುತ್ತೇವೆ. ಸ್ನಾಯು ಕೆಲಸ ಮಾಡುವಾಗ ಹುಟ್ಟುವ ವಿದ್ಯುತ್ತನ್ನು ಅದು ಹಿಡಿಯುತ್ತದೆ. ಅದರ ಲೆಕ್ಕ ಮೈಕ್ರೋವೋಲ್ಟ್‌ನಲ್ಲಿ, ಅಂದರೆ ಒಂದು ವೋಲ್ಟ್‌ನ ಹತ್ತು ಲಕ್ಷದಲ್ಲಿ ಒಂದು ಪಾಲು. ಬೆರಳಿನ ಉಷ್ಣತೆ ಇನ್ನೊಂದು. ಬೆರಳ ತುದಿಯ ಬೆವರು ಮತ್ತೊಂದು: ಮನಸ್ಸು ಬೆದರಿದಾಗ ನಮಗೇ ತಿಳಿಯದಷ್ಟು ಸಣ್ಣಗೆ ಬೆವರು ಬರುತ್ತದೆ, ಯಂತ್ರ ಅದನ್ನು ಹಿಡಿಯುತ್ತದೆ. ಆಮೇಲೆ ಎದೆಬಡಿತ, ಉಸಿರಾಟ. ಕೊನೆಯದು ತಲೆಗೆ ಬಿಲ್ಲೆ ಇಟ್ಟು ಮೆದುಳಿನ ಅಲೆ ನೋಡುವುದು, ಅದಕ್ಕೆ ನ್ಯೂರೋಫೀಡ್‌ಬ್ಯಾಕ್ ಅಂತ ಬೇರೆ ಹೆಸರೇ ಇದೆ.

ನಮ್ಮ ಕಡೆಯವರಿಗೆ ಒಂದು ಮಾತು ಹೇಳಲೇಬೇಕು. ವಿಜಯಪುರದ ಏಪ್ರಿಲ್ ಮೇ ಬಿಸಿಲಲ್ಲಿ, ಹೊರಗೆ 40 ಡಿಗ್ರಿ ದಾಟಿದಾಗ, ಎಲ್ಲರ ಕೈಯೂ ಬೆಚ್ಚಗಿರುತ್ತದೆ, ಎಲ್ಲರ ಬೆರಳೂ ಬೆವೆತಿರುತ್ತದೆ. ಆಗ ಆ ಎರಡು ಅಳತೆಯಿಂದ ಏನೂ ತಿಳಿಯುವುದಿಲ್ಲ. ತಂಪಾದ ಕೋಣೆಯಲ್ಲಿ ಸ್ವಲ್ಪ ಹೊತ್ತು ಸುಮ್ನೆ ಕೂತು ಆಮೇಲೆ ಶುರು ಮಾಡಬೇಕು. ಹಾಗೆಯೇ ಮಗ್ಗ, ಕುಡಗೋಲು, ಸಲಿಕೆ ಹಿಡಿದು ಬೆರಳ ತುದಿ ದಡ್ಡುಗಟ್ಟಿದವರಲ್ಲಿ ಬೆವರಿನ ಅಳತೆ ಸರಿ ಬರುವುದಿಲ್ಲ. ಅಂಥವರಿಗೆ ನಾನು ಬೆರಳಿನ ಮಧ್ಯದ ಗೆಣ್ಣಿಗೆ ಬಿಲ್ಲೆ ಹಾಕುತ್ತೇನೆ, ಇಲ್ಲವಾದರೆ ಉಸಿರು ಮತ್ತು ಎದೆಬಡಿತದ ಅಳತೆಗೆ ಹೋಗುತ್ತೇನೆ.

ನನ್ನ ನೋವು ಖರೇನ ಐತ್ರಿ. ಮನಸ್ಸಿಂದು ಅಂತ ಯಾಕ ಹೇಳ್ತೀರಿ?

ನಿಮ್ಮ ನೋವು ಖರೇನೇ ಇದೆ. ಸುಳ್ಳು ಅಂತ ಯಾರಾದರೂ ಹೇಳಿದ್ದರೆ ಅವರದ್ದು ತಪ್ಪು.

ಮೈಮನಸ್ಸಿನ ಚಿಕಿತ್ಸೆ ಅಂದರೆ ನೋವು ಬರೀ ಕಲ್ಪನೆ ಅಂತ ಅರ್ಥ ಅಲ್ಲ. ಮಳೆ ಕೈಕೊಟ್ಟಿದೆ, ಸಾಲದ ಕಂತು ಬಾಕಿ ಇದೆ, ಮಗಳ ಮದುವೆ ಎದುರಿಗಿದೆ. ಇಂಥ ಚಿಂತೆ ಬಂದಾಗ ಮೈ ಹಾವು ಕಂಡ ಹಾಗೆಯೇ ನಡೆದುಕೊಳ್ಳುತ್ತದೆ. ಎದೆ ಜೋರಾಗಿ ಬಡಿಯುತ್ತದೆ. ಕೈಕಾಲಿನ ಚರ್ಮಕ್ಕೆ ಹೋಗುವ ರಕ್ತ ಕಡಿಮೆಯಾಗಿ ಬೆರಳು ತಣ್ಣಗಾಗುತ್ತದೆ. ಹೆಗಲು ಮೇಲೇರುತ್ತದೆ, ದವಡೆ ಕಚ್ಚಿಕೊಳ್ಳುತ್ತದೆ. ಹಾವಾದರೆ ಹರಿದು ಹೋಗುತ್ತದೆ, ಮೈ ಸಡಿಲಾಗುತ್ತದೆ. ಸಾಲದ ಚಿಂತೆ ಹಾಗೆ ಹೋಗುವುದಿಲ್ಲ. ತಿಂಗಳುಗಟ್ಟಲೆ ಬಿಗಿದ ಸ್ನಾಯು ನೋಯುತ್ತದೆ, ಆ ನೋವಿನ ಚಿಂತೆಯಿಂದ ಇನ್ನಷ್ಟು ಬಿಗಿಯುತ್ತದೆ. ಈ ಸುತ್ತನ್ನು ಎಲ್ಲಾದರೂ ಒಂದು ಕಡೆ ಬಿಡಿಸಬೇಕು. ನಾವು ಮೈಯ ಕಡೆಯಿಂದ ಬಿಡಿಸುತ್ತೇವೆ, ಅಷ್ಟೇ.

ಇದು ನಮ್ಮ ಯೋಗ, ಪ್ರಾಣಾಯಾಮನ ಅಲ್ಲೇನ್ರಿ? ಮಷಿನ್ ಯಾಕ ಬೇಕು?

ಒಳ್ಳೆ ಪ್ರಶ್ನೆ. ಎರಡಕ್ಕೂ ಹತ್ತಿರದ ನಂಟಿದೆ. 1970ರಲ್ಲಿ ಅಮೆರಿಕದ ಕಾನ್ಸಾಸ್‌ನ ಮೆನಿಂಜರ್ ಫೌಂಡೇಶನ್‌ನಲ್ಲಿ ಎಲ್ಮರ್ ಗ್ರೀನ್ ಮತ್ತು ಆಲಿಸ್ ಗ್ರೀನ್ ದಂಪತಿ ಹಿಮಾಲಯದ ಸ್ವಾಮಿ ರಾಮ ಅವರನ್ನು ಯಂತ್ರಗಳ ಮುಂದೆ ಕೂರಿಸಿ ನೋಡಿದರು. ಒಂದೇ ಅಂಗೈಯ ಒಂದು ಕಡೆ ಬೆಚ್ಚಗೆ, ಇನ್ನೊಂದು ಕಡೆ ತಣ್ಣಗೆ ಆಗುವ ಹಾಗೆ ಅವರು ಮಾಡಿ ತೋರಿಸಿದ್ದರು. ಇದೇ ಗ್ರೀನ್ ದಂಪತಿ ಕೈ ಬೆಚ್ಚಗಾಗಿಸುವ ತರಬೇತಿಯನ್ನು ಮೈಗ್ರೇನ್ ರೋಗಿಗಳಿಗೆ ಕಲಿಸಿದವರು. ಬಯೋಫೀಡ್‌ಬ್ಯಾಕ್ ಅನ್ನುವ ಹೆಸರು ಬಳಕೆಗೆ ಬಂದದ್ದು ಅದರ ಹಿಂದಿನ ವರ್ಷ, 1969ರಲ್ಲಿ.

ಇನ್ನೊಂದು ನನಗೆ ತುಂಬ ಇಷ್ಟವಾದ ಅಧ್ಯಯನ 2001ರದ್ದು, ಇಟಲಿಯ ಬರ್ನಾರ್ಡಿ ಅನ್ನುವ ವೈದ್ಯರ ತಂಡದ್ದು. ಕ್ರೈಸ್ತರ ಜಪಮಾಲೆ ಪ್ರಾರ್ಥನೆ ಹೇಳುವಾಗಲೂ, ಓಂ ಮಣಿ ಪದ್ಮೇ ಮಂತ್ರ ಹೇಳುವಾಗಲೂ ಉಸಿರು ತಾನಾಗಿಯೇ ನಿಮಿಷಕ್ಕೆ ಸುಮಾರು 6ಕ್ಕೆ ಇಳಿಯುತ್ತದೆ ಅಂತ ಅವರು ಅಳೆದು ತೋರಿಸಿದರು. ನಮ್ಮ ಭಜನಾ ಮೇಳದ ಹಿರಿಯರು ಹಾಡು ಮುಗಿಸಿ ಏಳುವಾಗ ಅವರ ಮುಖ ನೋಡಿದರೆ ಈ ಮಾತು ನಂಬಲು ಕಷ್ಟ ಆಗುವುದಿಲ್ಲ.

ನಿಮಗೆ ಪ್ರಾಣಾಯಾಮ ಒಗ್ಗಿದ್ದರೆ ಅದನ್ನೇ ಮುಂದುವರಿಸಿ, ಯಂತ್ರ ಬೇಡ. ಆದರೆ ಎಷ್ಟೋ ಜನ ಆರು ತಿಂಗಳು ಯೋಗ ಶಿಬಿರಕ್ಕೆ ಹೋಗಿಯೂ ಹೆಗಲು ಬಿಗಿದುಕೊಂಡೇ ಉಸಿರೆಳೆಯುತ್ತಿರುತ್ತಾರೆ. ಸಡಿಲ ಬಿಡಿ ಅಂದರೆ ಬಿಟ್ಟಿದ್ದೇನೆ ಅಂತಾರೆ. ಅಂಥವರು ಪರದೆ ಮೇಲಿನ ಗೆರೆಯನ್ನು ಕಣ್ಣಾರೆ ಕಂಡರೆ ಒಂದೇ ದಿನದಲ್ಲಿ ತಿಳಿಯುತ್ತದೆ.

## ಯಾವ ತೊಂದರೆಗೆ ಎಷ್ಟು ಉಪಯೋಗ

ಹತ್ತು ವರ್ಷದಿಂದ ತಲಿಶೂಲಿ. ಖರೇನ ಕಡಿಮಿ ಆಗ್ತೈತೇನ್ರಿ?

ಬಯೋಫೀಡ್‌ಬ್ಯಾಕ್ ಬಗ್ಗೆ ಗಟ್ಟಿ ಪುರಾವೆ ಇರುವ ಕಾಯಿಲೆಗಳಲ್ಲಿ ತಲೆನೋವು ಮುಂದಿದೆ. ಮೈಗ್ರೇನ್ ಮತ್ತು ಬಿಗಿತದ ತಲೆನೋವು ಎರಡಕ್ಕೂ. ಅಮೆರಿಕದ ನರರೋಗ ವೈದ್ಯರ ಅಕಾಡೆಮಿ 2000ನೇ ಇಸವಿಯಲ್ಲಿ ತಂದ ಮೈಗ್ರೇನ್ ಮಾರ್ಗಸೂಚಿಯಲ್ಲೇ ಕೈ ಬೆಚ್ಚಗಾಗಿಸುವ ತರಬೇತಿ ಮತ್ತು ಸ್ನಾಯು ಸಡಿಲಿಸುವ ತರಬೇತಿಯನ್ನು ನೋವು ಬರದ ಹಾಗೆ ತಡೆಯುವ ಕ್ರಮಗಳ ಪಟ್ಟಿಗೆ ಸೇರಿಸಿದ್ದಾರೆ. ಎದ್ದಿರುವ ನೋವನ್ನು ಆಗಲೇ ಇಳಿಸುವುದಕ್ಕಿಂತ ಮುಂದೆ ಬರುವ ನೋವುಗಳ ಸಂಖ್ಯೆ ಕಡಿಮೆ ಮಾಡುವುದು ಇದರ ಕೆಲಸ. ಗರ್ಭಿಣಿಯರಿಗೆ, ಮಕ್ಕಳಿಗೆ, ಗುಳಿಗೆ ಒಗ್ಗದವರಿಗೆ ಇದು ದೊಡ್ಡ ಅನುಕೂಲ.

ಆದರೆ ಶುರು ಮಾಡುವ ಮೊದಲು ನಾನು ಒಂದು ಪ್ರಶ್ನೆ ಕೇಳುತ್ತೇನೆ: ತಿಂಗಳಿಗೆ ಎಷ್ಟು ದಿನ ನೋವಿನ ಗುಳಿಗೆ ತಗೊಳ್ತೀರಿ? ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ ಅಂತ ದಿನಾ ಒಂದು ನುಂಗುವವರು ನಮ್ಮಲ್ಲಿ ಬಹಳ ಜನ ಇದ್ದಾರೆ. ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಹೆಚ್ಚು ಸಾದಾ ನೋವಿನ ಗುಳಿಗೆ, ಅಥವಾ 10 ದಿನ ಇಲ್ಲವೇ ಅದಕ್ಕಿಂತ ಹೆಚ್ಚು ಎರಡು ಮೂರು ಔಷಧ ಸೇರಿಸಿದ ಗುಳಿಗೆ, ಮೂರು ತಿಂಗಳಿಗಿಂತ ಹೆಚ್ಚು ಕಾಲ ತಗೊಂಡರೆ ಆ ಗುಳಿಗೆಯೇ ತಲೆನೋವು ತರಬಹುದು. ಅದನ್ನು ವೈದ್ಯರ ಸಲಹೆಯಲ್ಲಿ ಬಿಡಿಸದೆ ಬೇರೆ ಏನು ಮಾಡಿದರೂ ಅರ್ಧ ಫಲವೇ.

ಮತ್ತೆ, ಎಂದೂ ಇಲ್ಲದ ಜೋರಾದ ನೋವು ಒಮ್ಮೆಲೇ ಬಂದರೆ, ಜ್ವರ, ವಾಂತಿ, ಕೈಕಾಲು ಸೋಲುವುದು, ಮಾತು ತೊದಲುವುದು ಜೊತೆಗಿದ್ದರೆ, ಪೆಟ್ಟು ಬಿದ್ದ ಮೇಲೆ ಬಂದರೆ, 50 ದಾಟಿದ ಮೇಲೆ ಹೊಸದಾಗಿ ಶುರುವಾದರೆ, ನನ್ನ ಹತ್ತಿರ ಬರಬೇಡಿ. ನೇರ ದೊಡ್ಡ ಆಸ್ಪತ್ರೆಗೆ ಹೋಗಿ.

ಮಗ್ಗದ ಮ್ಯಾಲ ಕುಂತು ಕುಂತು ಹೆಗಲು, ಕುತ್ತಿಗಿ ಹಿಡಿದಾವ. ನಮಗೂ ಆಗ್ತೈತೇನ್ರಿ?

ಆಗುತ್ತದೆ, ಮತ್ತು ನನ್ನ ಕೆಲಸದಲ್ಲಿ ನಾನು ಜಾಸ್ತಿ ಖುಷಿ ಪಟ್ಟದ್ದು ಇಲ್ಲಿಯೇ. ಇಳಕಲ್‌ನ ಕುಣಿ ಮಗ್ಗದಲ್ಲಿ ನಲವತ್ತು ವರ್ಷ ನೇಯ್ದ ಹಿರಿಯರೊಬ್ಬರು ಬಂದಿದ್ದರು. ಹೆಗಲಿಗೆ ಬಿಲ್ಲೆ ಹಾಕಿ, ಸುಮ್ನೆ ಕೂತಿರ್ರಿ ಕಾಕಾ, ಏನೂ ಮಾಡಬ್ಯಾಡ್ರಿ ಅಂದೆ. ಅವರು ಕೈ ತೊಡೆ ಮೇಲಿಟ್ಟು ಕೂತರು. ಗೆರೆ ಕೆಳಗಿಳಿಯಲೇ ಇಲ್ಲ. ಬಲಗಡೆ ಹೆಗಲು ಲಾಳಿ ಎಳೆಯುತ್ತಿದ್ದ ಹಾಗೆಯೇ ಕೆಲಸ ಮಾಡುತ್ತಿತ್ತು. ಚಹಾ ಕುಡಿಯುವಾಗಲೂ ಹಾಗೆಯೇ. ಅವರಿಗೆ ಆಶ್ಚರ್ಯ. "ಮಗ್ಗ ನಿಂತ್ರೂ ನಾ ನಿಂತಿಲ್ಲಲ್ವಾ" ಅಂದರು.

ನಾವು ಮಾಡಿದ್ದು ಇಷ್ಟು. ಹೆಗಲನ್ನು ಬೇಕಂತಲೇ ಕಿವಿಯ ಕಡೆ ಎತ್ತಿ ಐದು ಸೆಕೆಂಡ್ ಹಿಡಿದು ಒಮ್ಮೆಲೇ ಬಿಡುವುದು. ಬಿಗಿ ಹೇಗಿರುತ್ತದೆ, ಸಡಿಲ ಹೇಗಿರುತ್ತದೆ ಅನ್ನುವ ವ್ಯತ್ಯಾಸ ಮೈಗೆ ತಿಳಿಯಬೇಕು. ಹೀಗೆ ಬಿಗಿದು ಬಿಡುವ ಪದ್ಧತಿಯನ್ನು ಎಡ್ಮಂಡ್ ಜೇಕಬ್ಸನ್ ಅನ್ನುವ ಅಮೆರಿಕದ ವೈದ್ಯ ನೂರು ವರ್ಷದ ಹಿಂದೆಯೇ ರೂಪಿಸಿದ್ದು. ಯಂತ್ರ ಜೊತೆಗಿದ್ದರೆ ಪೂರ್ತಿ ಬಿಟ್ಟಿದ್ದೀರೋ ಅರ್ಧ ಬಿಟ್ಟಿದ್ದೀರೋ ತಿಳಿಯುತ್ತದೆ. ಬಿಗಿತ ಒಂದು ಮಟ್ಟ ದಾಟಿದರೆ ಪೀಂ ಅನ್ನುವ ಹಾಗೆ ಇಡುತ್ತೇವೆ, ಆ ಮಟ್ಟವನ್ನು ವಾರ ವಾರ ಇಳಿಸುತ್ತಾ ಹೋಗುತ್ತೇವೆ. ಆಮೇಲೆ ಕೈಗೆ ಕೆಲಸ ಕೊಟ್ಟು ಅದೇ ಅಭ್ಯಾಸ, ಯಾಕಂದರೆ ಕುರ್ಚಿ ಮೇಲೆ ಸಡಿಲಾಗಿ ಕೂರೋದು ಸುಲಭ, ನೇಯುವಾಗ ಬೇಡದ ಸ್ನಾಯುವನ್ನು ಬಿಟ್ಟು ಬೇಕಾದ್ದನ್ನಷ್ಟೇ ದುಡಿಸೋದು ಕಷ್ಟ.

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯಲ್ಲಿ ದುಡಿಯುವವರಿಗೂ, ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವರಿಗೂ ಇದೇ ಮಾತು ಹೊಂದುತ್ತದೆ. ಆದರೆ ಕುತ್ತಿಗೆಯ ಎಲುಬು ಸವೆದು ನರ ಒತ್ತಿದ್ದರೆ, ಕೈ ಜೋಮು ಹಿಡಿಯುತ್ತಿದ್ದರೆ, ಮೊದಲು ಅದನ್ನು ತೋರಿಸಿಕೊಳ್ಳಿ.

ಬಿಪಿ ಗುಳಿಗಿ ಬಿಡಬಹುದೇನ್ರಿ?

ಬಿಡಬಾರದು. ನಿಧಾನ ಉಸಿರಿನ ಅಭ್ಯಾಸದಿಂದ ಬಿಪಿ ಸ್ವಲ್ಪ ಇಳಿಯಬಹುದು, ಆದರೆ ಸ್ವಲ್ಪವೇ. ಗುಳಿಗೆಯ ಜೊತೆಗೆ ಇದು, ಗುಳಿಗೆಯ ಬದಲು ಅಲ್ಲ. ಮೂರು ತಿಂಗಳು ಮನೆಯಲ್ಲಿ ಬಿಪಿ ಬರೆದಿಟ್ಟು ವೈದ್ಯರಿಗೆ ತೋರಿಸಿ. ಕಡಿಮೆ ಮಾಡುವುದಿದ್ದರೆ ಅವರು ಮಾಡುತ್ತಾರೆ.

ಹೇಳಾಕ ನಾಚಿಕಿ ಆಗ್ತೈತಿ ಅಕ್ಕಾರ. ಕೆಮ್ಮಿದ್ರ, ಕೊಡ ಎತ್ತಿದ್ರ ಮೂತ್ರ ಸೋರತೈತಿ.

ಇದನ್ನು ಕೇಳಿದ ಪ್ರತಿ ಹೆಣ್ಣುಮಗಳಿಗೂ ನಾನು ಮೊದಲು ಹೇಳುವುದು, ನೀವು ಒಬ್ಬರೇ ಅಲ್ಲ. ಹೆರಿಗೆ ಆದವರಲ್ಲಿ, ಮುಟ್ಟು ನಿಂತವರಲ್ಲಿ ಇದು ತುಂಬ ಸಾಮಾನ್ಯ. ಮದುವೆಗೆ ಹೋಗೋದು ಬಿಟ್ಟವರು, ಬಸ್ಸು ಹತ್ತೋದು ಬಿಟ್ಟವರು, ನೀರು ಕುಡಿಯೋದನ್ನೇ ಬಿಟ್ಟವರು ಇದ್ದಾರೆ. ವಯಸ್ಸಾದ ಮೇಲೆ ಇದ್ದದ್ದೇ ಅಂತ ಸಹಿಸಿಕೊಳ್ಳಬೇಕಾಗಿಲ್ಲ.

ಮೂತ್ರಕೋಶ, ಗರ್ಭಕೋಶ ಮತ್ತು ಮಲದ್ವಾರವನ್ನು ಕೆಳಗಿನಿಂದ ಜೋಳಿಗೆಯ ಹಾಗೆ ಹಿಡಿದಿರುವ ಸ್ನಾಯುಗಳಿವೆ. ಅವು ಸೋತಾಗ ಹೀಗಾಗುತ್ತದೆ. ಅವನ್ನು ಬಿಗಿದು ಬಿಡುವ ವ್ಯಾಯಾಮಕ್ಕೆ ಕೆಗಲ್ ವ್ಯಾಯಾಮ ಅಂತಾರೆ. ಆರ್ನಾಲ್ಡ್ ಕೆಗಲ್ ಅನ್ನುವ ವೈದ್ಯರು 1940ರ ದಶಕದಲ್ಲೇ ಆ ಬಿಗಿತವನ್ನು ಮುಳ್ಳಿನಲ್ಲಿ ತೋರಿಸುವ ಒಂದು ಉಪಕರಣ ಮಾಡಿದ್ದರು. ಬಯೋಫೀಡ್‌ಬ್ಯಾಕ್ ಅನ್ನುವ ಹೆಸರು ಹುಟ್ಟುವ ಮೊದಲೇ ಬಯೋಫೀಡ್‌ಬ್ಯಾಕ್ ಇತ್ತು ಅಂದ ಹಾಗಾಯಿತು.

ಯಂತ್ರ ಎಲ್ಲರಿಗೂ ಬೇಕಾಗುವುದಿಲ್ಲ, ಇದನ್ನು ಬಿಚ್ಚಿ ಹೇಳುತ್ತೇನೆ. 2020ರಲ್ಲಿ ಬ್ರಿಟನ್‌ನಲ್ಲಿ 600 ಮಹಿಳೆಯರ ಮೇಲೆ ನಡೆದ ದೊಡ್ಡ ಅಧ್ಯಯನ ಪ್ರಕಟವಾಯಿತು. ವ್ಯಾಯಾಮ ಮಾತ್ರ ಮಾಡಿದವರಿಗೂ, ವ್ಯಾಯಾಮದ ಜೊತೆ ಯಂತ್ರ ಬಳಸಿದವರಿಗೂ ಎರಡು ವರ್ಷದ ನಂತರ ವ್ಯತ್ಯಾಸ ಕಾಣಲಿಲ್ಲ. ಅಂದರೆ ಗುಣ ಕೊಡುವುದು ವ್ಯಾಯಾಮ. ಹಾಗಾಗಿ ನಾನು ಮೊದಲು ಬಾಯಿಮಾತಿನಲ್ಲೇ ಕಲಿಸುತ್ತೇನೆ. ಹೊಟ್ಟೆ, ತೊಡೆ, ಕುಂಡೆ ಬಿಗಿಯುತ್ತಾರೆ, ಬೇಕಾದ ಸ್ನಾಯು ಮಾತ್ರ ಸಿಗುವುದೇ ಇಲ್ಲ, ಅಂಥವರಿಗಷ್ಟೇ ಯಂತ್ರ ಹಚ್ಚುತ್ತೇನೆ. ಪರೀಕ್ಷೆ ಮಾಡುವವರು ಹೆಣ್ಣುಮಕ್ಕಳೇ ಇರಲಿ ಅಂತ ಕೇಳುವ ಹಕ್ಕು ನಿಮಗಿದೆ.

ದಿನಾ ಮುಕ್ಕರಿದ್ರೂ ಹೊಟ್ಟಿ ಖಾಲಿ ಆಗಂಗಿಲ್ಲ. ಇದಕ್ಕೂ ಇದಕ್ಕೂ ಏನ್ ಸಂಬಂಧ?

ಎಲ್ಲ ಮಲಬದ್ಧತೆಗೂ ಸಂಬಂಧ ಇಲ್ಲ. ಒಂದು ಥರದ್ದಕ್ಕೆ ಮಾತ್ರ ಇದೆ. ಮುಕ್ಕರಿದಾಗ ಮಲದ್ವಾರದ ಸ್ನಾಯು ಸಡಿಲಾಗಬೇಕು. ಕೆಲವರಿಗೆ ಅದು ತಿರುಗಾಮುರುಗಾ ಆಗಿ ಬಿಗಿಯುತ್ತದೆ. ಬಾಗಿಲು ಒಳಗಿಂದ ಎಳೆದು ಹಿಡಿದು ಹೊರಗೆ ನೂಕಿದ ಹಾಗೆ. ಇಂಥವರಿಗೆ ಎಷ್ಟು ತ್ರಿಫಲಾ, ಎಷ್ಟು ಇಸಬಗೋಲ ಕೊಟ್ಟರೂ ಪೂರ್ತಿ ಗುಣ ಸಿಗುವುದಿಲ್ಲ. 2006ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನದಲ್ಲಿ ಇಂಥ 109 ರೋಗಿಗಳನ್ನು ಎರಡು ಗುಂಪು ಮಾಡಿದ್ದರು. ಆರು ತಿಂಗಳ ನಂತರ ಬಯೋಫೀಡ್‌ಬ್ಯಾಕ್ ಗುಂಪಿನಲ್ಲಿ ಶೇಕಡ 80ರಷ್ಟು ಜನಕ್ಕೆ, ಜುಲಾಬಿನ ಗುಂಪಿನಲ್ಲಿ ಶೇಕಡ 22ರಷ್ಟು ಜನಕ್ಕೆ ಚೆನ್ನಾಗಿ ಗುಣ ಕಂಡಿತು. ನಿಮ್ಮದು ಇದೇ ಥರದ್ದಾ ಅಂತ ಹೊಟ್ಟೆ ಕರುಳಿನ ತಜ್ಞರು ಪರೀಕ್ಷೆ ಮಾಡಿ ಹೇಳಬೇಕು. ಮಲದಲ್ಲಿ ರಕ್ತ ಹೋಗುತ್ತಿದ್ದರೆ, ತೂಕ ಇಳಿಯುತ್ತಿದ್ದರೆ ತಡ ಮಾಡಬೇಡಿ.

ನಮ್ಮ ಹುಡುಗ ಒಂದ ಕಡೆ ಕೂಡಂಗಿಲ್ಲ. ಮೆದುಳಿನ ಟ್ರೇನಿಂಗ್ ಕೊಡಿಸಿದ್ರ ಹೆಂಗ?

ದುಡ್ಡು ಕಟ್ಟುವ ಮೊದಲು ಸ್ವಲ್ಪ ತಡೆಯಿರಿ. ಚಂಚಲತೆಯ ತೊಂದರೆಗೆ ನ್ಯೂರೋಫೀಡ್‌ಬ್ಯಾಕ್ ಒಳ್ಳೆಯದು ಅಂತ ಬಹಳ ವರ್ಷ ನಂಬಿದ್ದರು. 2021ರಲ್ಲಿ ಅಮೆರಿಕದಲ್ಲಿ 7ರಿಂದ 10 ವರ್ಷದ 144 ಮಕ್ಕಳ ಮೇಲೆ ನಡೆದ ಅಧ್ಯಯನ ಬಂತು. ಕೆಲವು ಮಕ್ಕಳಿಗೆ ನಿಜವಾದ ತರಬೇತಿ, ಕೆಲವರಿಗೆ ನೋಡಲು ಹಾಗೆಯೇ ಇರುವ ಸುಳ್ಳು ತರಬೇತಿ. ಎರಡೂ ಗುಂಪು ಒಂದೇ ಥರ ಸುಧಾರಿಸಿದವು. ಅಂದರೆ ಗುಣ ಬಂದದ್ದು ಮೆದುಳಿನ ಅಲೆಯ ತರಬೇತಿಯಿಂದಲೇ ಅಂತ ಹೇಳಲು ಆಗುವುದಿಲ್ಲ. ಮೊದಲು ಮಕ್ಕಳ ಮಾನಸಿಕ ತಜ್ಞರಿಗೆ ತೋರಿಸಿ. ಧಾರವಾಡದ ಡಿಮ್ಹಾನ್ಸ್ ನಮಗೆ ಹತ್ತಿರದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ.

ಪರೀಕ್ಷೆ ಹತ್ತಿರ ಬಂದರೆ ಎದೆ ಡವಡವ ಅನ್ನುತ್ತೆ, ಕೈ ತಣ್ಣಗಾಗುತ್ತೆ. ನನಗೆ ಇದು ಬೇಕಾ?

ಉಸಿರು ಮತ್ತು ಎದೆಬಡಿತದ ತರಬೇತಿ ಇಂಥ ಆತಂಕಕ್ಕೆ ಚೆನ್ನಾಗಿ ಹೊಂದುತ್ತದೆ, ಮತ್ತು ನಿಮ್ಮ ವಯಸ್ಸಿನವರು ಬೇಗ ಕಲಿಯುತ್ತೀರಿ. ಪರೀಕ್ಷೆಗೆ ಎರಡು ತಿಂಗಳು ಮುಂಚೆ ಶುರು ಮಾಡಿ, ಹಿಂದಿನ ದಿನ ಅಲ್ಲ. ಆದರೆ ನಿದ್ದೆ ಪೂರ್ತಿ ಹೋಗಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ, ಯಂತ್ರ, ಉಸಿರು ಎಲ್ಲ ಆಮೇಲೆ. ಈಗಲೇ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

## ಕಲಿಯುವಾಗ

ಎಷ್ಟ ದಿನಾ ಬರಬೇಕ್ರಿ?

ತಲೆನೋವು, ಆತಂಕ, ಸ್ನಾಯು ಬಿಗಿತಕ್ಕೆ ಸಾಮಾನ್ಯವಾಗಿ 8ರಿಂದ 12 ಸಲ. ವಾರಕ್ಕೆ ಒಂದು ಅಥವಾ ಎರಡು ಸಲ, ಪ್ರತಿ ಸಲ ಮುಕ್ಕಾಲು ತಾಸು. ಮನೆಯಲ್ಲಿ ದಿನಾ 15, 20 ನಿಮಿಷ ಅಭ್ಯಾಸ ಮಾಡದಿದ್ದರೆ ಬಂದು ಹೋದ ಬಸ್ಸಿನ ಖರ್ಚು ದಂಡ. ಕಬ್ಬಿನ ಹಂಗಾಮಿನಲ್ಲಿ, ಬಿತ್ತನೆ ಹೊತ್ತಲ್ಲಿ ಶುರು ಮಾಡಿ ನಡುವೆ ಬಿಡುವ ಬದಲು ಬಿಡುವಿರುವ ತಿಂಗಳು ನೋಡಿ ಬನ್ನಿ.

ಮನ್ಯಾಗ ನಾವ ಸುರು ಮಾಡಬಹುದೇನ್ರಿ? ದುಡ್ಡಿಲ್ಲದ ದಾರಿ ಐತೇನು?

ಇದೆ. ಬೆರಳಿನ ಉಷ್ಣತೆಯಿಂದ ಶುರು ಮಾಡಿ. ಮೀನು ಸಾಕುವ ಗಾಜಿನ ತೊಟ್ಟಿಗೆ ಹಾಕುತ್ತಾರಲ್ಲ, ವೈರಿನ ತುದಿಯಲ್ಲಿ ಸಣ್ಣ ಗುಂಡಿ ಇರುವ ಡಿಜಿಟಲ್ ಥರ್ಮಾಮೀಟರ್, ಅದು ಸಾಕು. ಜ್ವರ ನೋಡುವ ಥರ್ಮಾಮೀಟರ್ ಬೇಡ, ಅದು ಅಷ್ಟು ಕಡಿಮೆ ಉಷ್ಣತೆ ತೋರಿಸುವುದಿಲ್ಲ. ಆ ತುದಿಯನ್ನು ನಡುಬೆರಳಿನ ಒಳಗಡೆ ಮೆತ್ತಗೆ ಟೇಪಿನಿಂದ ಅಂಟಿಸಿ. ಬಿಗಿದು ಸುತ್ತಬೇಡಿ, ರಕ್ತ ಓಡಾಟ ನಿಂತರೆ ಅಳತೆ ಕೆಡುತ್ತದೆ. ಬೆಳಗಾವಿಯ ಡಿಸೆಂಬರ್ ಚಳಿಯ ಬೆಳಿಗ್ಗೆ 25, 26 ಡಿಗ್ರಿ ತೋರಿಸಿದರೆ ಗಾಬರಿ ಆಗಬೇಡಿ, ಕಂಬಳಿ ಹೊದ್ದು ಕೋಣೆಗೆ ಹೊಂದಿಕೊಳ್ಳಲು ಹತ್ತು ನಿಮಿಷ ಬಿಡಿ.

ಆಮೇಲೆ ಕಣ್ಣು ಮುಚ್ಚಿ. ಒಲೆ ಮುಂದೆ ಕೂತು ಕೈ ಕಾಸಿಕೊಳ್ಳುತ್ತಿದ್ದೀರಿ ಅಂತ ನೆನೆಯಿರಿ. ಕೈ ಭಾರ ಆಗುತ್ತಿದೆ, ಬೆಚ್ಚಗಾಗುತ್ತಿದೆ ಅಂತ ಮನಸ್ಸಲ್ಲೇ ನಿಧಾನ ಹೇಳಿಕೊಳ್ಳಿ. ಐದು ನಿಮಿಷಕ್ಕೊಮ್ಮೆ ಅಂಕಿ ನೋಡಿ ವಹಿಯಲ್ಲಿ ಬರೆಯಿರಿ. ಮೊದಲ ವಾರ ಅರ್ಧ ಡಿಗ್ರಿ ಏರಿದರೂ ಏರಿಕೆಯೇ. 34 ಡಿಗ್ರಿ ಹತ್ತಿರ ಹೋಗಿ ಅಲ್ಲೇ ನಿಲ್ಲಿಸಲು ಬಂದರೆ ಕಲಿತಿರಿ ಅಂತ ಲೆಕ್ಕ.

ಅದೂ ಇಲ್ಲವೇ? ಗೋಡೆ ಗಡಿಯಾರ ಸಾಕು. ನಾಲ್ಕು ಸೆಕೆಂಡ್ ಉಸಿರು ಒಳಗೆ, ಆರು ಸೆಕೆಂಡ್ ಹೊರಗೆ. ಮೂಗಿನಿಂದ, ಮೆತ್ತಗೆ. ಒಂದು ಕೈ ಹೊಟ್ಟೆ ಮೇಲೆ, ಒಂದು ಎದೆ ಮೇಲೆ. ಹೊಟ್ಟೆ ಮೇಲಿನ ಕೈ ಏಳಬೇಕು, ಎದೆ ಮೇಲಿನದು ಆದಷ್ಟು ಸುಮ್ಮನಿರಬೇಕು. ಹಾಗೆ ನೋಡಿದರೆ ನಿಮ್ಮ ಕೈಯೇ ಯಂತ್ರ. ತಲೆ ಸುತ್ತಿದರೆ ಜಾಸ್ತಿ ಗಾಳಿ ಎಳೆಯುತ್ತಿದ್ದೀರಿ ಅಂತ ಅರ್ಥ. ನಿಲ್ಲಿಸಿ, ಸಾದಾ ಉಸಿರಾಡಿ, ಆಮೇಲೆ ಕಡಿಮೆ ಎಳೆದು ಮತ್ತೆ ಮಾಡಿ.

ನಾನು ಪ್ರಯತ್ನ ಮಾಡಿದಷ್ಟೂ ಅಂಕಿ ಕೆಳಗೆ ಹೋಗುತ್ತದೆ. ಏನು ತಪ್ಪು ಮಾಡುತ್ತಿದ್ದೇನೆ?

ಪ್ರಯತ್ನವೇ ತೊಡಕು. ನಿದ್ದೆ ಬರಲಿ ಬರಲಿ ಅಂತ ಹಟ ಮಾಡಿದರೆ ನಿದ್ದೆ ಓಡುತ್ತದೆ, ಇದೂ ಹಾಗೆಯೇ. ಏರಲೇಬೇಕು ಅಂತ ಮನಸ್ಸು ಹಲ್ಲು ಕಚ್ಚಿದರೆ ಮೈ ಅದನ್ನು ಅಪಾಯ ಅಂತ ತಿಳಿದು ಬೆರಳನ್ನು ಇನ್ನೂ ತಣ್ಣಗೆ ಮಾಡುತ್ತದೆ. ದುಡಿದು ಬದುಕಿದ ಜನಕ್ಕೆ ಇದು ಬಹಳ ಕಷ್ಟ, ಯಾಕಂದರೆ ಜೋರು ಹಾಕಿದರೆ ಕೆಲಸ ಆಗುತ್ತದೆ ಅಂತಲೇ ಅವರ ಅನುಭವ. ಒಂದು ವಾರ ಅಂಕಿಯನ್ನು ಬರೀ ನೋಡಿ, ಬದಲಿಸಲು ಹೋಗಬೇಡಿ. ಏನು ನೆನೆದಾಗ ಇಳಿಯಿತು, ಏನು ನೆನೆದಾಗ ಏರಿತು ಅಷ್ಟು ಬರೆದಿಡಿ. ಎರಡನೇ ವಾರ ಹೆಚ್ಚಿನವರಿಗೆ ತಾನೇ ಏರತೊಡಗುತ್ತದೆ.

ಕೈಯಲ್ಲಿ ಸ್ಮಾರ್ಟ್ ವಾಚ್ ಇದೆ. ಸಾಕಾಗುವುದಿಲ್ವಾ?

ಎದೆಬಡಿತ ನೋಡಲು ಸಾಕು. ಅಭ್ಯಾಸದ ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಅಂತ ಹೋಲಿಸಿ. ಆದರೆ ವಾಚು ಒತ್ತಡ ಇಷ್ಟು ಅಂತ ಕೊಡುವ ಅಂಕಿಯನ್ನು ದಿನಕ್ಕೆ ಇಪ್ಪತ್ತು ಸಲ ನೋಡಿ ಅದರಿಂದಲೇ ಕಂಗಾಲಾದವರನ್ನು ಕಂಡಿದ್ದೇನೆ. ನಿಮಗೆ ಹಾಗಾಗುತ್ತಿದ್ದರೆ ಅದನ್ನು ಬಂದ್ ಮಾಡಿ ಇಡಿ.

## ಇನ್ನೂ ಆಳದ ಪ್ರಶ್ನೆಗಳು

ನಿಮಿಷಕ್ಕೆ ಆರೇ ಉಸಿರು ಯಾಕೆ? ಐದೋ ಎಂಟೋ ಯಾಕಾಗಬಾರದು?

ಉಸಿರು ಒಳಗೆ ಎಳೆದಾಗ ಎದೆಬಡಿತ ಸ್ವಲ್ಪ ಹೆಚ್ಚುತ್ತದೆ, ಬಿಟ್ಟಾಗ ಇಳಿಯುತ್ತದೆ. ಆರೋಗ್ಯವಂತರಲ್ಲಿ ಇದು ಸಹಜ. ಇನ್ನೊಂದು ಕಡೆ, ಕುತ್ತಿಗೆಯ ದೊಡ್ಡ ರಕ್ತನಾಳದಲ್ಲಿ ರಕ್ತದ ಒತ್ತಡ ಗಮನಿಸುವ ನರತುದಿಗಳಿವೆ. ಒತ್ತಡ ಏರಿದರೆ ಅವು ಹೃದಯಕ್ಕೆ ನಿಧಾನ ಅನ್ನುತ್ತವೆ. ಆ ಮಾತು ತಲುಪಿ ಫಲ ಕಾಣಲು ಸುಮಾರು 5 ಸೆಕೆಂಡ್ ಹಿಡಿಯುತ್ತದೆ. ಏರಲು 5, ಇಳಿಯಲು 5, ಒಟ್ಟು 10 ಸೆಕೆಂಡಿನ ಒಂದು ಸುತ್ತು. ನಿಮಿಷಕ್ಕೆ ಇಂಥ 6 ಸುತ್ತು.

ಪಂಚಮಿ ಜೋಕಾಲಿ ನೆನಪಿಸಿಕೊಳ್ಳಿ. ಜೋಕಾಲಿ ಹಿಂದೆ ಬಂದು ತಿರುಗುವ ಹೊತ್ತಿಗೇ ಜೀಕಿದರೆ ಕಡಿಮೆ ಬಲದಲ್ಲಿ ಮುಗಿಲು ಮುಟ್ಟುತ್ತದೆ. ಹೊತ್ತು ತಪ್ಪಿ ಜೀಕಿದರೆ ನಿಲ್ಲುತ್ತದೆ. ಉಸಿರು 10 ಸೆಕೆಂಡಿನ ಲಯಕ್ಕೆ ಬಂದಾಗ ಎದೆಬಡಿತದ ಏರಿಳಿತ ಹಾಗೆ ದೊಡ್ಡದಾಗುತ್ತದೆ. ಪಾಲ್ ಲೆಹ್ರರ್ ಮತ್ತು ಯೆವ್ಗೆನಿ ವಾಶಿಲೊ ಅನ್ನುವವರು ಇದನ್ನು ತರಬೇತಿಯ ರೂಪಕ್ಕೆ ತಂದರು. ಎಲ್ಲರಿಗೂ ಕರಾರುವಾಕ್ಕಾಗಿ 6 ಅಲ್ಲ. ಸುಮಾರು ನಾಲ್ಕೂವರೆಯಿಂದ ಏಳರ ಒಳಗೆ ಒಬ್ಬೊಬ್ಬರಿಗೆ ಒಂದೊಂದು. ಯಂತ್ರ ಇದ್ದರೆ ನಿಮ್ಮದು ಎಷ್ಟು ಅಂತ ಹುಡುಕಬಹುದು. ಇಲ್ಲದಿದ್ದರೆ 6 ಅಂತಲೇ ಹಿಡಿಯಿರಿ.

ಇದೆಲ್ಲ ನಂಬಿಕೆಯಿಂದ ಆಗುವ ಗುಣ ಅಲ್ಲ ಅಂತ ಹೇಗೆ ಹೇಳ್ತೀರಿ?

ಸ್ವಲ್ಪ ಪಾಲು ನಂಬಿಕೆಯದ್ದೂ ಇದೆ, ಇಲ್ಲ ಅನ್ನುವುದಿಲ್ಲ. ಈ ಕ್ಷೇತ್ರದ ಮೊದಲ ದೊಡ್ಡ ಹೆಸರು ನೀಲ್ ಮಿಲ್ಲರ್. 1960ರ ದಶಕದಲ್ಲಿ ಅವರು ಸ್ನಾಯುಗಳು ಅಲುಗಾಡದ ಹಾಗೆ ಔಷಧ ಕೊಟ್ಟ ಇಲಿಗಳಿಗೂ ಎದೆಬಡಿತ ಬದಲಿಸುವುದನ್ನು ಕಲಿಸಬಹುದು ಅಂತ ತೋರಿಸಿದರು. ಎಲ್ಲೆಡೆ ಸುದ್ದಿಯಾಯಿತು. ಆಮೇಲೆ ಅವರದೇ ಪ್ರಯೋಗಶಾಲೆಯಲ್ಲಿ ಮತ್ತೆ ಮಾಡಿದಾಗ ಆ ಫಲ ಬರಲಿಲ್ಲ. ಅವರು ಮುಚ್ಚಿಡದೆ ಅದನ್ನೂ ಪ್ರಕಟಿಸಿದರು. ನನಗೆ ಅವರ ಬಗ್ಗೆ ಗೌರವ ಇರುವುದು ಇದಕ್ಕೇ. ಹಾಗಾಗಿ ಒಂದೊಂದು ಕಾಯಿಲೆಗೂ ಬೇರೆ ಬೇರೆಯಾಗಿ ಪುರಾವೆ ಕೇಳಿ. ಮೈಗ್ರೇನ್‌ಗೆ ಉಪಯೋಗ ಆಗುತ್ತದೆ ಅಂದ ಮಾತ್ರಕ್ಕೆ ಮಂಡಿ ಸವೆತಕ್ಕೂ ಆಗುತ್ತದೆ ಅಂತಲ್ಲ.

ಯಾರು ಹುಷಾರಾಗಿರಬೇಕು?

ಇನ್ಸುಲಿನ್ ತಗೊಳ್ಳುವವರು ಮೊದಲು. ಮೈ ಚೆನ್ನಾಗಿ ಸಡಿಲಾಗತೊಡಗಿದರೆ ಕೆಲವರಲ್ಲಿ ಸಕ್ಕರೆ ಇಳಿಯುತ್ತದೆ. ಶುರುವಿನ ವಾರಗಳಲ್ಲಿ ಪದೇ ಪದೇ ಪರೀಕ್ಷೆ ಮಾಡಿಕೊಳ್ಳಿ, ವೈದ್ಯರಿಗೆ ಮೊದಲೇ ತಿಳಿಸಿ. ಎದೆಬಡಿತ ತಾಳ ತಪ್ಪಿದವರಲ್ಲಿ, ಪೇಸ್‌ಮೇಕರ್ ಇದ್ದವರಲ್ಲಿ ಎದೆಬಡಿತದ ತರಬೇತಿ ಅರ್ಥವಾಗುವ ಅಂಕಿ ಕೊಡುವುದಿಲ್ಲ. ಅಟೆನೋಲಾಲ್, ಮೆಟೊಪ್ರೊಲಾಲ್ ಥರದ ಗುಳಿಗೆ ತಗೊಳ್ಳುವವರ ಎದೆಬಡಿತ ಮೊದಲೇ ನಿಧಾನ ಇರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಕು. ಮೂರ್ಛೆರೋಗ ಇದ್ದವರು, ಇಲ್ಲದ ಧ್ವನಿ ಕೇಳಿಸುವ ಮಾನಸಿಕ ತೊಂದರೆ ಇದ್ದವರು ತಮ್ಮ ವೈದ್ಯರನ್ನು ಕೇಳದೆ ಶುರು ಮಾಡಬಾರದು.

ಒಂದು ಕಡ್ಡಿ ಕೈಯಲ್ಲಿ ಹಿಡಿದ್ರ ಇಡೀ ಮೈ ರಿಪೋರ್ಟ್ ಕೊಡೋ ಕ್ವಾಂಟಮ್ ಮಷಿನ್ ಬಂದೈತಿ. ಇದೂ ಅದೇನಾ?

ಅಲ್ಲವೇ ಅಲ್ಲ. ಈ ಪ್ರಶ್ನೆ ಬಂದಾಗ ನನಗೆ ಸಂಕಟ ಆಗುತ್ತದೆ. ನನ್ನ ಸಂಬಂಧಿಕರೊಬ್ಬರು ಒಂದು ಆರೋಗ್ಯ ಶಿಬಿರಕ್ಕೆ ಹೋಗಿದ್ದರು. ಕಡ್ಡಿ ಹಿಡಿಸಿದರು, ಒಂದು ನಿಮಿಷಕ್ಕೆ ಯಕೃತ್ತು, ಮೂತ್ರಪಿಂಡ, ವಿಟಮಿನ್ ಎಲ್ಲದರ ಲೆಕ್ಕ ಇರುವ ದಪ್ಪ ರಿಪೋರ್ಟ್ ಕೈಗೆ ಬಂತು, ಜೊತೆಗೆ ಸಾವಿರಾರು ರೂಪಾಯಿಯ ಪುಡಿ ಡಬ್ಬಿಗಳು. ಅದನ್ನು ನಂಬಿ ಸಕ್ಕರೆ ಕಾಯಿಲೆಯ ಗುಳಿಗೆ ಬಿಟ್ಟರು. ತಿಂಗಳೊಳಗೆ ಆಸ್ಪತ್ರೆ ಸೇರಬೇಕಾಯಿತು.

ಗುರುತಿಸುವುದು ಸುಲಭ. ಇದು ಏನನ್ನು ಅಳೆಯುತ್ತದೆ ಅಂತ ಒಂದೇ ಮಾತಲ್ಲಿ ಕೇಳಿ. ಸ್ನಾಯುವಿನ ವಿದ್ಯುತ್, ಬೆರಳ ಉಷ್ಣತೆ, ಎದೆಬಡಿತ, ಹೀಗೆ ನೇರ ಉತ್ತರ ಬರಬೇಕು. ಆಮೇಲೆ ಮುಷ್ಟಿ ಬಿಗಿದು ನೋಡಿ, ಉಸಿರು ನಿಧಾನ ಮಾಡಿ ನೋಡಿ. ಅದಕ್ಕೆ ತಕ್ಕ ಹಾಗೆ ಪರದೆ ಮೇಲೆ ಆಗಲೇ ಬದಲಾಗಬೇಕು. ನಿಜವಾದ ಬಯೋಫೀಡ್‌ಬ್ಯಾಕ್ ರೋಗ ಇದು ಅಂತ ಹೆಸರಿಡುವುದಿಲ್ಲ, ಪುಡಿಯನ್ನೂ ಮಾರುವುದಿಲ್ಲ.

ಬೆಳಗಾವಿ, ವಿಜಯಪುರ ಕಡೆ ಇದು ಎಲ್ಲಿ ಸಿಗುತ್ತದೆ? ಹೋಗಿ ಏನಂತ ಕೇಳಬೇಕು?

ವೈದ್ಯಕೀಯ ಕಾಲೇಜು ಇರುವ ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರೂ ಊರಲ್ಲಿ ಅಂಥ ಆಸ್ಪತ್ರೆಗಳಿವೆ. ಹೆಗಲು, ಕುತ್ತಿಗೆ, ಮೂತ್ರ ಸೋರುವ ತೊಂದರೆಗೆ ಫಿಸಿಯೋಥೆರಪಿ ವಿಭಾಗ. ಆತಂಕ, ತಲೆನೋವಿಗೆ ಮಾನಸಿಕ ವಿಭಾಗದ ಕ್ಲಿನಿಕಲ್ ಸೈಕಾಲಜಿಸ್ಟ್. ಬಯೋಫೀಡ್‌ಬ್ಯಾಕ್ ಮಾಡ್ತೀರಾ ಅಂತಷ್ಟೇ ಕೇಳಬೇಡಿ. ನನ್ನ ತೊಂದರೆಗೆ ಏನನ್ನು ಅಳೆಯುತ್ತೀರಿ, ಎಷ್ಟು ಸಲ ಬರಬೇಕು, ಮನೆಯಲ್ಲಿ ಏನು ಅಭ್ಯಾಸ ಕೊಡುತ್ತೀರಿ, ಈ ಮೂರನ್ನೂ ಕೇಳಿ. ಮನೆಯ ಅಭ್ಯಾಸದ ಬಗ್ಗೆ ಉತ್ತರ ಇಲ್ಲದಿದ್ದರೆ ಬೇರೆ ಕಡೆ ನೋಡಿ.

ಮಷಿನ್ ಬಿಟ್ಟ ಮ್ಯಾಲ ಕಲ್ತಿದ್ದು ಉಳೀತೈತೇನ್ರಿ?

ಅಭ್ಯಾಸ ಇಟ್ಟವರಲ್ಲಿ ಉಳಿಯುತ್ತದೆ. ಕೊನೆಯ ಎರಡು ಮೂರು ಸಲ ನಾನು ಪರದೆಯನ್ನು ನನ್ನ ಕಡೆ ತಿರುಗಿಸಿಕೊಳ್ಳುತ್ತೇನೆ. ಈಗ ಹೆಗಲು ಬಿಗಿದಿದೆಯೋ ಸಡಿಲಿದೆಯೋ ನೀವೇ ಹೇಳಿ ಅಂತ ಕೇಳುತ್ತೇನೆ. ಹತ್ತರಲ್ಲಿ ಎಂಟು ಸಲ ಸರಿ ಹೇಳಿದರೆ ಬರುವುದು ನಿಲ್ಲಿಸಬಹುದು. ಮೂರು ತಿಂಗಳಿಗೊಮ್ಮೆ ಬಂದು ನೋಡಿಕೊಂಡು ಹೋದರೆ ಸಾಕು. ಆ ಇಳಕಲ್ ಕಾಕಾ ಈಗ ಹೊಸ ಸೀರೆಗೆ ಹಾಸು ಹೂಡುವ ಮೊದಲು ಒಮ್ಮೆ, ಮಧ್ಯಾಹ್ನದ ಊಟಕ್ಕೆ ಏಳುವ ಮೊದಲು ಒಮ್ಮೆ ಹೆಗಲು ಎತ್ತಿ ಬಿಡುತ್ತಾರಂತೆ. ಪಕ್ಕದ ಮಗ್ಗದ ಹುಡುಗನಿಗೂ ಕಲಿಸಿದ್ದಾರೆ.